‘ವಿಡರ್‌ಶಿನ್ಸ್’ ಎಂಬ ಶಬ್ದದ ಪೂರ್ವವೃತ್ತಾಂತ

ಇಂಗ್ಲಿಷ್ ನಿಘಂಟುಗಳಲ್ಲಿ ‘ವಿಡರ್‌ಶಿನ್ಸ್’ ಎಂಬ ಹಳೆಯ ಕ್ರಿಯಾವಿಶೇಷಣವೊಂದುಂಟು. ಸೂರ್ಯಗತಿಗೆ ವಿರುದ್ಧವಾಗಿ, ಎಂದರೆ ನಾವು ಅಪ್ರದಕ್ಷಿಣವೆನ್ನುವ ರೀತಿಯಲ್ಲಿ, ಎಂದು ಅದರ ಅರ್ಥ. ಅದು ಹೆಚ್ಚಾಗಿ ಬಳಕೆಯಲ್ಲಿದ್ದುದು ಸ್ಕಾಟ್ಲೆಂಡಿನಲ್ಲಿ. ಶಬ್ದದ ಕೊನೆಯನ್ನು ಕೇಳಿದವರು ಸೂರ್ಯವಾಚಕವಾದ ‘ಸನ್’ ಅದರಲ್ಲಿ ಅಡಗಿದೆಯೆಂದು ಭಾವಿಸುವುದು ಸಹಜ. ಸ್ಕಾಟರೇ ಹಾಗೆ ಭಾವಿಸಿದರು. ಆದರೆ ಮೂಲದಲ್ಲಿ ಸೂರ್ಯನಿಗೆ ಅಲ್ಲಿ ಸ್ಥಾನವೇ ಇಲ್ಲ. ಮಧ್ಯಕಾಲದ ಜರ್ಮನ್ ನುಡಿಯಲ್ಲಿ ‘ವಿಡರ್’ ಎಂದರೆ ಎದುರು, ‘ಸಿನ್’ ಎಂದರೆ ದಾರಿ. ಎರಡೂ ಕೂಡಿ ಎದುರು ದಾರಿಯಲ್ಲಿ ಎಂದಷ್ಟೇ ಆಗುತ್ತದೆ. ಇಂಗ್ಲಿಷಿನ ‘ವಿತ್’ ಕೂಡ ಈ ‘ವಿಡರ್’ನ ಬಂಧುವೇ. ಈಗ ಸಹಿತವೆಂಬ ಅರ್ಥವನ್ನು ಕೊಡುವ ಆ ಪದಕ್ಕೆ ಮೊದಲು ವಿರುದ್ಧವೆಂಬ ಅರ್ಥವಿದ್ದಿತು. ‘ವಿತ್‌ಸ್ಟ್ಯಾಂಡ್’ ಎಂಬಲ್ಲಿ ಅದಿನ್ನೂ ಉಳಿದಿದೆ.

1513ರಲ್ಲಿ ಗ್ಯಾವಿನ್ ಡಗ್ಲಸನು ವರ್ಜಿಲ್ ಕವಿಯ ‘ಈನಿಯಡ್’ ಕಾವ್ಯವನ್ನು ಸ್ಕಾಟ್ ನುಡಿಗೆ ತಂದು ಮುಗಿಸಿದನು. ಭಯದಿಂದ ಕೂದಲು ನಿಮಿರಿ ನಿಂತುದನ್ನು ಹೇಳಲು ಅವನು ಈ ಶಬ್ದವನ್ನು ಬಳಸಿದ್ದಾನೆ. ಅಲ್ಲಿ ಸುತ್ತುವುದೂ ಇಲ್ಲ, ಪಾಪವೂ ಇಲ್ಲ. ಕೂದಲು ತನ್ನ ಸಹಜವಾದ ಒಲವಿಗೆ ಎದುರಾಗಿ ಎದ್ದಿತು, ಅಷ್ಟೆ.

ಎಂಬತ್ತು ವರ್ಷ ತುಂಬುವುದರೊಳಗೆ ಇದೇ ಶಬ್ದವು ನ್ಯಾಯಸ್ಥಾನವನ್ನು ಹೊಕ್ಕಿತು. 1590-91ರಲ್ಲಿ ನಾರ್ತ್ ಬೆರಿಕ್ ಎಂಬ ಊರಿನ ಹೆಸರಿನಲ್ಲಿ ಪ್ರಸಿದ್ಧವಾದ ಮಾಟಗಾತಿಯರ ವಿಚಾರಣೆ ನಡೆಯಿತು. ಆಗ್ನೆಸ್ ಸ್ಯಾಂಪ್ಸನ್ ಎಂಬ ಸೂಲಗಿತ್ತಿಯನ್ನು ಆರನೆಯ ಜೇಮ್ಸ್ ದೊರೆಯು ತಾನೇ ಕುಳಿತು ಪ್ರಶ್ನಿಸಿದನು. ಆಕೆಯ ತಲೆಗೆ ಹಗ್ಗ ಬಿಗಿದು ಹಿಂಸಿಸಿದರು. ಹೀಗೆ ಪಡೆದ ಒಪ್ಪಿಗೆಯಲ್ಲಿ, ಚರ್ಚಿನ ಬಳಿ ಸೈತಾನನ ಕೂಟದಲ್ಲಿ ಗಂಡಸರು ಒಂಬತ್ತು ಸಲವೂ ಹೆಂಗಸರು ಆರು ಸಲವೂ ‘ವಿಡರ್‌ಶಿನ್ಸ್’ ತಿರುಗಿದರೆಂದು ಬರೆಯಲಾಯಿತು. ಅಷ್ಟು ನಿಖರವಾಗಿ ಎಣಿಸಿದವರಾರೋ! 1591ರಲ್ಲಿ ಆಕೆಯ ಕತ್ತು ಹಿಸುಕಿ ಕೊಂದು, ದೇಹವನ್ನು ಸುಟ್ಟರು. ಬರಿಯ ದಿಕ್ಕನ್ನು ಹೇಳುತ್ತಿದ್ದ ಮಾತು ಹೀಗೆ ಅಪರಾಧದ ಗುರುತಾಯಿತು.

ಇದಕ್ಕೆ ಪ್ರತಿಯಾದ ಶಬ್ದ ಗೇಲಿಕ್ ನುಡಿಯ ‘ಡೆಶಲ್’. ಸ್ಕಾಟ್ಲೆಂಡಿನ ಪಶ್ಚಿಮದ್ವೀಪಗಳ ಜನರು ಬೆಂಕಿಯನ್ನು ಬಲಗೈಯಲ್ಲಿ ಹಿಡಿದು ಮನೆ, ಪೈರು, ದನಕರುಗಳ ಸುತ್ತ ಬಲವರುತ್ತಿದ್ದುದನ್ನು ಮಾರ್ಟಿನ್ ಮಾರ್ಟಿನನು 1703ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅದರ ಮೂಲವಾದ ‘ಡೆಸ್’ ಎಂಬುದಕ್ಕೆ ಬಲಗಡೆಯೆಂದೂ ತೆಂಕಣವೆಂದೂ ಎರಡರ್ಥ. ಸಂಸ್ಕೃತದ ‘ದಕ್ಷಿಣ’ಕ್ಕೂ ಈ ಎರಡೇ ಅರ್ಥಗಳಿರುವುದನ್ನು ವಾಚಕರು ಬಲ್ಲರು. ಇದು ಆಕಸ್ಮಿಕವಲ್ಲ, ಎರಡೂ ಒಂದೇ ಧಾತುವಿನವು. ಮೂಡಣಕ್ಕೆ ಮುಖಮಾಡಿ ನಿಂತವನಿಗೆ ತೆಂಕಣವೇ ಬಲಗಡೆ. ನಮ್ಮ ಪ್ರದಕ್ಷಿಣೆಯ ನಂಟರು ಅಟ್ಲಾಂಟಿಕ್ ಸಮುದ್ರದ ದಡದವರೆಗೂ ಇದ್ದರೆಂದಾಯಿತು.

‘ವಿಡರ್‌ಶಿನ್ಸ್’ ಮುಂದೆ ಮಕ್ಕಳ ಕಥೆಗಳಿಗೆ ಸರಿಯಿತು. ಜೋಸೆಫ್ ಜೇಕಬ್ಸನ 1890ರ ಕಥಾಸಂಗ್ರಹದಲ್ಲಿ ಚೆಂಡನ್ನು ಹುಡುಕುತ್ತ ಚರ್ಚನ್ನು ಎಡಸುತ್ತಿ ಓಡಿದ ಹುಡುಗಿಯೊಬ್ಬಳು ಯಕ್ಷಲೋಕದ ಸೆರೆಗೆ ಸಿಕ್ಕುತ್ತಾಳೆ. ಅವಳನ್ನು ಬಿಡಿಸಿ ತರಲು ಅಣ್ಣಂದಿರು ಹೊರಡುತ್ತಾರೆ.