ಮನೆಯ ಅಕ್ವೇರಿಯಂನಲ್ಲಿ ಹವಳ: ನೀರು ತಿಳಿಯಾಗಿದ್ದರಷ್ಟೇ ಸಾಲದು, ಕ್ಷಾರೀಯತೆ ಏರಿಳಿಯದಂತೆ ನೋಡಿಕೊಳ್ಳಿ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೀನುಗಳು ಚುರುಕಾಗಿವೆ, ನೀರು ತಿಳಿಯಾಗಿದೆ. ಆದರೂ ಹವಳದ ಬುಡದಲ್ಲಿ ಬಣ್ಣದ ಪದರ ಕಳಚಿ ಬಿಳಿ ಅಸ್ಥಿ ಕಾಣಿಸತೊಡಗುತ್ತದೆ. ಇದಕ್ಕೆ ಕಾರಣಗಳು ಹಲವು ಇರಬಹುದು. ಆದರೆ ಮೊದಲು ಪರೀಕ್ಷಿಸಬೇಕಾದದ್ದು ನೀರಿನ ಕ್ಷಾರೀಯತೆಯನ್ನು, ಅಂದರೆ ಅಲ್ಕಲಿನಿಟಿಯನ್ನು.

ಕ್ಷಾರೀಯತೆ ಎಂದರೇನು?

ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿಯೇ ಕ್ಷಾರೀಯತೆ. ಸಮುದ್ರದ ನೀರಿನಲ್ಲಿ ಇದರ ಬಹುಪಾಲು ಬರುವುದು ಬೈಕಾರ್ಬನೇಟ್ ಮತ್ತು ಕಾರ್ಬನೇಟ್‌ಗಳಿಂದ. ಗಟ್ಟಿ ಹವಳಗಳು ಇವುಗಳ ಜೊತೆ ಕ್ಯಾಲ್ಸಿಯಂ ಸೇರಿಸಿಕೊಂಡು ತಮ್ಮ ಅಸ್ಥಿ ಕಟ್ಟಿಕೊಳ್ಳುತ್ತವೆ. ಕಡಲಲ್ಲಿ ಈ ಸಂಗ್ರಹ ಬತ್ತುವುದಿಲ್ಲ. 200 ಲೀಟರ್ ತೊಟ್ಟಿಯಲ್ಲಿ ಅದು ದಿನದಿನವೂ ಕರಗುತ್ತದೆ.

ಪಿಎಚ್ ಮತ್ತು ಕ್ಷಾರೀಯತೆ ಒಂದೇ ಅಲ್ಲ. ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಪಿಎಚ್ ಇಳಿಯುತ್ತದೆ, ಕ್ಷಾರೀಯತೆ ಮಾತ್ರ ಹಾಗೇ ಇರುತ್ತದೆ. ಆಗ ಪುಡಿ ಸುರಿಯುವ ಬದಲು ಕಿಟಕಿ ತೆರೆಯುವುದೇ ಸರಿಯಾದ ಪರಿಹಾರ.

ಎಷ್ಟಿರಬೇಕು?

* ಕ್ಷಾರೀಯತೆ: 7ರಿಂದ 9 ಡಿಕೆಎಚ್ (ಸಹಜ ಸಮುದ್ರದಲ್ಲಿ ಸುಮಾರು 7)
* ಕ್ಯಾಲ್ಸಿಯಂ: ಲೀಟರಿಗೆ ಸುಮಾರು 420 ಮಿಲಿಗ್ರಾಂ
* ಮೆಗ್ನೀಸಿಯಂ: ಲೀಟರಿಗೆ ಸುಮಾರು 1,300 ಮಿಲಿಗ್ರಾಂ
* ಲವಣಾಂಶ: ಸಾವಿರಕ್ಕೆ 35 ಭಾಗ

ಈ ವ್ಯಾಪ್ತಿಯಲ್ಲಿ ನೀವು ಯಾವ ಅಂಕಿಯನ್ನು ಆರಿಸಿಕೊಂಡಿರಿ ಎನ್ನುವುದಕ್ಕಿಂತ, ಅದನ್ನು ಅಲ್ಲಾಡದಂತೆ ಉಳಿಸಿಕೊಂಡಿರಾ ಎನ್ನುವುದೇ ಮುಖ್ಯ. ಸದಾ 7.5ರಲ್ಲಿರುವ ತೊಟ್ಟಿ, ವಾರದಲ್ಲಿ 7ರಿಂದ 10ಕ್ಕೆ ಜಿಗಿಯುವ ತೊಟ್ಟಿಗಿಂತ ಎಷ್ಟೋ ಮೇಲು.

ಮೊದಲು ಕ್ಷಾರೀಯತೆಯನ್ನೇ ಏಕೆ ಅಳೆಯಬೇಕು?

ಹವಳ ಬೆಳೆಯುವಾಗ 2.8 ಡಿಕೆಎಚ್ ಕ್ಷಾರೀಯತೆ ಖರ್ಚಾದರೆ, ಅದರ ಜೊತೆ ಕ್ಯಾಲ್ಸಿಯಂ ಇಳಿಯುವುದು ಲೀಟರಿಗೆ ಕೇವಲ 20 ಮಿಲಿಗ್ರಾಂ. ಅಂದರೆ ಕ್ಯಾಲ್ಸಿಯಂ ಶೇ 5ರಷ್ಟು ಇಳಿಯುವ ಮೊದಲೇ ಕ್ಷಾರೀಯತೆಯ ಮೂರನೇ ಒಂದು ಭಾಗ ಹೋಗಿರುತ್ತದೆ. ಕ್ಯಾಲ್ಸಿಯಂ ಸರಿಯಿದೆ ಎಂದು ನೆಮ್ಮದಿಯಾಗಿದ್ದವರು ಎಡವುವುದು ಇಲ್ಲೇ.

ಹನಿ ಎಣಿಸುವ ಟೆಸ್ಟ್ ಕಿಟ್ ಮನೆಗೆ ಸಾಕು. ಆದರೆ ಪ್ರತಿ ಸಲವೂ ಒಂದೇ ಹೊತ್ತಿಗೆ ಪರೀಕ್ಷಿಸಿ, ಬರೆದಿಡಿ.

ಎಷ್ಟು ಸೇರಿಸಬೇಕು? ಲೆಕ್ಕ ಹೀಗಿದೆ

100 ಲೀಟರ್ ನೀರಿನಲ್ಲಿ 1 ಡಿಕೆಎಚ್ ಏರಿಸಲು ಸುಮಾರು 3 ಗ್ರಾಂ ಶುದ್ಧ ಅಡುಗೆ ಸೋಡ ಬೇಕು. ನೆನಪಿಡಿ, ಬೇಕಿಂಗ್ ಪೌಡರ್ ಬೇರೆ, ಅದನ್ನು ಹಾಕಬಾರದು.

ನಿಮ್ಮದು 200 ಲೀಟರ್ ತೊಟ್ಟಿ ಎಂದುಕೊಳ್ಳಿ. ಸೋಮವಾರ 8.4 ಇದ್ದದ್ದು, ಏನೂ ಸೇರಿಸದೆ ಬಿಟ್ಟಾಗ ಬುಧವಾರ 7.6 ಆಗಿದೆ. ದಿನದ ಖರ್ಚು 0.4 ಡಿಕೆಎಚ್. ಹಾಗಾದರೆ ದಿನಕ್ಕೆ ಬೇಕಾದ ಸೋಡ ಸುಮಾರು 2.4 ಗ್ರಾಂ. ಇದನ್ನು ಶುದ್ಧ ನೀರಿನಲ್ಲಿ ಕರಗಿಸಿ, ಪಂಪ್‌ನ ಹರಿವು ಜೋರಾಗಿರುವ ಕಡೆ ನಿಧಾನವಾಗಿ ಬಿಡಿ. ಹವಳ ಬೆಳೆದಂತೆ ಖರ್ಚೂ ಹೆಚ್ಚುತ್ತದೆ, ಆಗ ಲೆಕ್ಕ ಮತ್ತೆ ಹಾಕಬೇಕು.

ಕ್ಷಾರೀಯತೆ ತೀರಾ ಕುಸಿದಿದ್ದರೂ ಆತುರ ಬೇಡ. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. 6ಕ್ಕೆ ಇಳಿದದ್ದನ್ನು 8ಕ್ಕೆ ತರಲು ಎರಡು ಮೂರು ದಿನ ತೆಗೆದುಕೊಳ್ಳಿ. ಒಮ್ಮೆಲೇ ಏರಿಸಿದರೆ ಕೊರತೆಯಿಂದ ಬಳಲಿದ ಹವಳ ಚೇತರಿಕೆಯ ಹೊತ್ತಿನಲ್ಲೇ ಸಾಯಬಹುದು.

ಈ ತಪ್ಪುಗಳನ್ನು ಮಾಡಬೇಡಿ

* ಕ್ಯಾಲ್ಸಿಯಂ ದ್ರಾವಣ ಮತ್ತು ಸೋಡ ದ್ರಾವಣವನ್ನು ಒಟ್ಟಿಗೆ ಸುರಿಯಬೇಡಿ. ಎರಡೂ ಕೂಡಿ ಬಿಳಿ ಮೋಡದಂತೆ ಸುಣ್ಣ ಕಟ್ಟಿ, ಹಾಕಿದ್ದು ವ್ಯರ್ಥವಾಗುತ್ತದೆ. ನಡುವೆ ಸಮಯ ಬಿಡಿ.
* ಎಷ್ಟು ಹಾಕಿದರೂ ಎರಡೂ ನಿಲ್ಲುತ್ತಿಲ್ಲವೇ? ಮೆಗ್ನೀಸಿಯಂ ಪರೀಕ್ಷಿಸಿ. ಅದು ಕಡಿಮೆಯಿದ್ದರೆ ಸುಣ್ಣ ಹಾಗೇ ಗಟ್ಟಿಯಾಗಿ ಪಂಪ್, ಹೀಟರ್‌ಗಳ ಮೇಲೆ ಕೂರುತ್ತದೆ.
* ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ಕಡಿಮೆಯಾದ ಜಾಗಕ್ಕೆ ಸಿಹಿನೀರನ್ನೇ ತುಂಬಿ.
* ನಲ್ಲಿ ಅಥವಾ ಬೋರ್‌ವೆಲ್ ನೀರು ಬೇಡ. ಕುಡಿಯುವ ನೀರಿನ ಹಲವು ಆರ್‌ಒ ಯಂತ್ರಗಳು ರುಚಿಗಾಗಿ ಖನಿಜವನ್ನು ಮತ್ತೆ ಬೆರೆಸುತ್ತವೆ. ಟಿಡಿಎಸ್ ಮೀಟರ್ ಸೊನ್ನೆಯ ಹತ್ತಿರ ತೋರಿಸುವ ನೀರನ್ನೇ ಬಳಸಿ.
* ಹೊಸ ಉಪ್ಪುನೀರನ್ನೂ ಪರೀಕ್ಷಿಸಿ. ಕೆಲವು ಉಪ್ಪಿನ ಮಿಶ್ರಣಗಳಲ್ಲಿ ಕ್ಷಾರೀಯತೆ 11–12 ಇರುತ್ತದೆ. 8 ಇರುವ ತೊಟ್ಟಿಯ ಶೇ 30ರಷ್ಟು ನೀರನ್ನು 12 ಇರುವ ನೀರಿನಿಂದ ಬದಲಿಸಿದರೆ ಕ್ಷಾರೀಯತೆ ಒಮ್ಮೆಲೇ 9.2ಕ್ಕೆ ಜಿಗಿಯುತ್ತದೆ.

ಕೊಳ್ಳುವ ಮುನ್ನ ದಾಖಲೆ ಕೇಳಿ

ಭಾರತದ ಕಡಲಿನ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಹುಲಿ, ಆನೆಗಳಿಗಿರುವ ರಕ್ಷಣೆಯೇ ಇವಕ್ಕೂ ಇದೆ. ಮುರುಡೇಶ್ವರದ ಬಳಿಯ ನೇತ್ರಾಣಿಯಾಗಲಿ, ಮನ್ನಾರ್ ಕೊಲ್ಲಿಯಾಗಲಿ, ಅಲ್ಲಿಂದ ಒಂದು ತುಂಡು ಹವಳ ಕಿತ್ತು ತರುವುದೂ ಮಾರುವುದೂ ಅಪರಾಧ. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟ್ಸ್ ಒಪ್ಪಂದದ ನಿಯಂತ್ರಣವಿದೆ. ಅಂಗಡಿಯವರು ಮೂಲದ ದಾಖಲೆ ತೋರಿಸದಿದ್ದರೆ ಕೊಳ್ಳಬೇಡಿ.

ಈಗಾಗಲೇ ಹವಳ ಸಾಕುತ್ತಿದ್ದರೆ ಈ ವಾರವೇ ಒಂದು ನೋಟ್‌ಬುಕ್ ಇಟ್ಟು, ಎರಡು ದಿನಗಳ ಅಂತರದಲ್ಲಿ ಎರಡು ಬಾರಿ ಕ್ಷಾರೀಯತೆ ಅಳೆದು ಬರೆಯಿರಿ. ನಿಮ್ಮ ತೊಟ್ಟಿಗೆ ದಿನಕ್ಕೆ ಎಷ್ಟು ಬೇಕೆಂಬುದು ಆ ಎರಡು ಅಂಕಿಗಳಿಂದಲೇ ಗೊತ್ತಾಗುತ್ತದೆ.