ಸಿಡುಬಿನ ಲಕ್ಷಣಜ್ಞಾನ

ಮೈಮೇಲೆ ಗುಳ್ಳೆಗಳೇಳುವ ಬೇನೆಗಳನ್ನೆಲ್ಲ ಹಿಂದಿನ ಜನರು ‘ಅಮ್ಮ’ನೆಂದು ಕರೆದು, ಬೇವಿನ ಸೊಪ್ಪನ್ನಿಟ್ಟು ಭಕ್ತಿಯಿಂದ ನಡೆದುಕೊಳ್ಳುತ್ತಿದ್ದರು. ಭಕ್ತಿಯಲ್ಲಿ ದೋಷವಿರಲಿಲ್ಲ, ಸೌಮ್ಯ ರೋಗವೂ ಘೋರ ರೋಗವೂ ಒಂದೇ ಹೆಸರಿನಲ್ಲಿ ಅಡಗಿದುದೇ ಅನರ್ಥಕ್ಕೆ ಮೂಲವಾಯಿತು. ಲಸಿಕೆಯಿಲ್ಲದ ನೂರು ಸಿಡುಬು ರೋಗಿಗಳಲ್ಲಿ ಸುಮಾರು 30 ಜನರು ಮೃತರಾಗುತ್ತಿದ್ದರು. ನೀರುಸಿಡುಬಿನಲ್ಲಿ ಮರಣವು ವಿರಳ.

ಆಯುರ್ವೇದದಲ್ಲಿ ಇದಕ್ಕೆ ‘ಮಸೂರಿಕಾ’ ಎಂದು ಹೆಸರು. ಗುಳ್ಳೆಗಳು ಮಸೂರ ಬೇಳೆಯನ್ನು, ಅಂದರೆ ಚನ್ನಂಗಿಯನ್ನು, ಹೋಲುವುದೇ ಇದಕ್ಕೆ ಕಾರಣ. ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಜ್ವರ, ಮೈನೋವು, ಕಣ್ಣು ಕೆಂಪಾಗುವಿಕೆ ಮೊದಲಾದವನ್ನು ಇದರ ಪೂರ್ವರೂಪವೆಂದು ಹೇಳಿದ್ದಾನೆ. ಗುಳ್ಳೆ ಏಳುವ ಮೊದಲೇ ರೋಗವನ್ನು ಊಹಿಸುವ ಯತ್ನವು ಅಷ್ಟು ಪ್ರಾಚೀನವಾದುದು.

ಸಿಡುಬಿನಲ್ಲಿ ಮೊದಲು ಎರಡು ಮೂರು ದಿನ ತೀವ್ರ ಜ್ವರ, ತಲೆನೋವು, ಬೆನ್ನುನೋವು, ಅನಂತರ ಗುಳ್ಳೆ. ಗುಳ್ಳೆಗಳು ಮುಖ, ಕೈಕಾಲುಗಳಲ್ಲಿ ದಟ್ಟ, ಎದೆಹೊಟ್ಟೆಗಳಲ್ಲಿ ವಿರಳ. ಅಂಗೈ ಅಂಗಾಲುಗಳನ್ನೂ ಬಿಡುವುದಿಲ್ಲ. ಮುಟ್ಟಿದರೆ ಚರ್ಮದೊಳಗೆ ಹುದುಗಿದ ಕಾಳಿನಂತೆ ಗಟ್ಟಿ. ಒಂದು ಭಾಗದಲ್ಲಿ ಎಲ್ಲವೂ ಒಟ್ಟಿಗೆ ಬಲಿತು ಕೀವು ತುಂಬುತ್ತವೆ. ನೀರುಸಿಡುಬಿನಲ್ಲಿಯಾದರೋ ಗುಳ್ಳೆಗಳು ಎದೆಬೆನ್ನುಗಳಲ್ಲಿ ಹೆಚ್ಚು, ಮೇಲ್ಚರ್ಮದಲ್ಲಿಯೇ ತೇಲುವಂಥವು. ಹೊಸದು, ಬಲಿತದ್ದು, ಒಣಗಿದ್ದು ಒಂದೇ ಕಡೆ ಕಾಣುತ್ತವೆ.

ಈ ಭೇದವನ್ನರಿಯುವುದು ಬರಿಯ ಪಾಂಡಿತ್ಯವಲ್ಲ. ಸೋಂಕು ತಗಲಿದ ಸುಮಾರು 12 ದಿನಗಳಿಗೆ ಜ್ವರ ಬರುತ್ತಿತ್ತು. ಸೋಂಕಿದ ಮೂರು ನಾಲ್ಕು ದಿನಗಳೊಳಗೆ ಲಸಿಕೆ ಹಾಕಿದರೆ ಬಹುಮಂದಿ ಉಳಿಯುತ್ತಿದ್ದರು. ಆದುದರಿಂದ ಮೊದಲ ರೋಗಿಯನ್ನು ಬೇಗ ಗುರುತಿಸಿದರೆ ಮನೆಯವರಿಗೆಲ್ಲ ರಕ್ಷೆ. ತಡವಾದರೆ ಕೇರಿಗೇ ಕೇಡು.

1796ರಲ್ಲಿ ಜೆನ್ನರನು ಪರೀಕ್ಷಿಸಿದ ಲಸಿಕೆಯು 1802ರ ಜೂನಿನಲ್ಲಿ ಮುಂಬಯಿಯ ಒಂದು ಮಗುವಿಗೆ ಹಾಕಲ್ಪಟ್ಟು ಭಾರತವನ್ನು ಪ್ರವೇಶಿಸಿತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯು ಮುಂದೆ ಮುಂಬಯಿ ಪ್ರಾಂತಕ್ಕೇ ಸೇರಿತು. ‘ದೇವಿ ಹಾಕುವುದು’ ಎಂಬ ಮಾತಿನಲ್ಲಿ ಹಳೆಯ ಭಕ್ತಿಯೂ ಹೊಸ ವೈದ್ಯವೂ ಒಂದಾದವು. ಆದರೂ ಲಸಿಕೆಯೊಂದರಿಂದಲೇ ರೋಗವು ಅಳಿಯಲಿಲ್ಲ. 1973ರಿಂದ ಭಾರತದಲ್ಲಿ ಕಾರ್ಯಕರ್ತರು ರೋಗಿಯ ಚಿತ್ರವಿದ್ದ ಪಟವನ್ನು ಹಿಡಿದು, ಇಂಥವರನ್ನು ಕಂಡಿರಾ ಎಂದು ಮನೆಮನೆಯಲ್ಲಿ ಕೇಳಿದರು. 1975ರಲ್ಲಿ ರೋಗಿಯ ಸುಳಿವು ಕೊಟ್ಟವರಿಗೆ 1000 ರೂಪಾಯಿಗಳ ಬಹುಮಾನವೂ ಘೋಷಿತವಾಯಿತು. ಆ ವರ್ಷದ ಮೇ ತಿಂಗಳಿನ ಅನಂತರ ಈ ದೇಶದಲ್ಲಿ ಹೊಸ ರೋಗಿಯು ಕಾಣಲಿಲ್ಲ. 1980ರ ಮೇ 8ರಂದು ಜಗತ್ತೇ ಸಿಡುಬಿನಿಂದ ಮುಕ್ತವೆಂದು ಸಾರಲಾಯಿತು.

ಓದು ಬಾರದವರೂ ಚಿತ್ರವನ್ನು ನೋಡಿ ಬೇನೆಯನ್ನು ಗುರುತಿಸಿದರು. ಆ ಮಹಾಮಾರಿಯನ್ನು ಕೊನೆಗಾಣಿಸಿದವರಲ್ಲಿ ಅವರಿಗೂ ಸ್ಥಾನವುಂಟು.