ಅಭ್ಯಾಸ ಲೆಕ್ಕಗಳು: ಬಲ, ನ್ಯೂಟನ್ ನಿಯಮಗಳು, ವರ್ತುಲ ಚಲನೆ

ಬಲ, ನ್ಯೂಟನ್ನನ ಮೂರು ಚಲನಾ ನಿಯಮಗಳು ಮತ್ತು ವರ್ತುಲ ಚಲನೆಯನ್ನು ಕಲಿಯುವವರು ತಮ್ಮ ತಿಳಿವಳಿಕೆಯನ್ನು ಒರೆಗೆ ಹಚ್ಚಲು ಬಿಡಿಸುವ ಸಮಸ್ಯೆಗಳೇ ಅಭ್ಯಾಸ ಲೆಕ್ಕಗಳು. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ನಿರೂಪಿಸಿದ ಈ ನಿಯಮಗಳನ್ನು ಕರ್ನಾಟಕದ ಮಕ್ಕಳು ಮೊದಲು 9ನೇ ತರಗತಿಯಲ್ಲಿ ಓದುತ್ತಾರೆ, ಪ್ರಥಮ ಪಿಯುಸಿಯಲ್ಲಿ ಗಣಿತದ ಜೊತೆಗೆ ಮತ್ತೊಮ್ಮೆ ಓದುತ್ತಾರೆ. ಲೆಕ್ಕ ಎಂದ ಕೂಡಲೇ ಸೂತ್ರ, ಸೂತ್ರದೊಳಗೆ ಅಂಕಿ, ಕೊನೆಗೆ ಉತ್ತರ ಎಂಬ ಕ್ರಮ ಕಣ್ಣ ಮುಂದೆ ಬರುತ್ತದೆ. ಈ ಲೇಖನದ ನಿಲುವು ಬೇರೆ. ಒಂದು ವಸ್ತುವಿನ ಮೇಲೆ ಯಾವ ಯಾವ ಬಲಗಳಿವೆ, ಪ್ರತಿಯೊಂದೂ ಯಾವುದರಿಂದ ಬಂದಿದೆ, ಯಾವ ದಿಕ್ಕಿಗಿದೆ ಎಂದು ಗುರುತಿಸುವುದೇ ನಿಜವಾದ ಅಭ್ಯಾಸ. ಗುಣಾಕಾರ ಭಾಗಾಕಾರ ಅದರ ಬಾಲ. ಆ ಗುರುತಿಸುವಿಕೆ ಕಲಿಯುವವನ ಸುತ್ತಲಿನ ವಸ್ತುಗಳಲ್ಲೇ ಚೆನ್ನಾಗಿ ಪಳಗುತ್ತದೆ. ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ ಮಾಯಸಂದ್ರ ಮತ್ತು ಅದರ ಸುತ್ತಲ ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ಇಲ್ಲಿ ಆ ಕಾರಣಕ್ಕೇ ಉದಾಹರಣೆಗೆ ಆರಿಸಿಕೊಳ್ಳಲಾಗಿದೆ.

ಮರದಲ್ಲಿ ತೂಗುತ್ತಿರುವ ಒಂದು ತೆಂಗಿನಕಾಯಿಯನ್ನು ತೆಗೆದುಕೊಳ್ಳಿ. ಅದರ ರಾಶಿ 1.5 ಕೆ.ಜಿ. ಎಂದಿಟ್ಟುಕೊಂಡರೆ ಭೂಮಿ ಅದನ್ನು ಕೆಳಕ್ಕೆ ಸುಮಾರು 14.7 ನ್ಯೂಟನ್ ಬಲದಿಂದ ಎಳೆಯುತ್ತಿದೆ, ತೊಟ್ಟು ಅಷ್ಟೇ ಬಲದಿಂದ ಮೇಲಕ್ಕೆ ಹಿಡಿದಿದೆ. ಇವೆರಡೂ ಸಮ, ದಿಕ್ಕು ವಿರುದ್ಧ. ಹಾಗಾದರೆ ಇದು ಕ್ರಿಯೆ ಪ್ರತಿಕ್ರಿಯೆಯ ಜೋಡಿಯೇ? ಹೌದು ಎನ್ನುವವರೇ ಹೆಚ್ಚು, ಆದರೆ ಅದು ತಪ್ಪು. ತಪ್ಪೆಂದು ತಿಳಿಯಲು ತೊಟ್ಟನ್ನು ಕತ್ತರಿಸಿ ನೋಡಿದರೆ ಸಾಕು. ತೊಟ್ಟಿನ ಬಲ ಆ ಕ್ಷಣವೇ ಇಲ್ಲವಾಗುತ್ತದೆ, ಭೂಮಿಯ ಎಳೆತ ಮಾತ್ರ ಹಾಗೆಯೇ ಉಳಿಯುತ್ತದೆ. ಮೂರನೆಯ ನಿಯಮದ ಜೋಡಿಯಲ್ಲಿ ಒಂದು ಸತ್ತು ಇನ್ನೊಂದು ಬದುಕುವುದು ಸಾಧ್ಯವಿಲ್ಲ. ಭೂಮಿ ಕಾಯಿಯನ್ನು ಎಳೆಯುವುದಕ್ಕೆ ಜೋಡಿ ಕಾಯಿ ಭೂಮಿಯನ್ನು ಎಳೆಯುವುದು; ತೊಟ್ಟು ಕಾಯಿಯನ್ನು ಎಳೆಯುವುದಕ್ಕೆ ಜೋಡಿ ಕಾಯಿ ತೊಟ್ಟನ್ನು ಎಳೆಯುವುದು. ಜೋಡಿಯ ಎರಡು ಬಲಗಳು ಎಂದೂ ಒಂದೇ ವಸ್ತುವಿನ ಮೇಲೆ ಇರುವುದಿಲ್ಲ. ತೂಗುವ ಕಾಯಿಯ ಮೇಲಿನ ಎರಡು ಬಲಗಳು ಸಮವಾಗಿರುವುದು ಕಾಯಿ ಅಲುಗದೆ ಇರುವುದರಿಂದ, ಅಂದರೆ ಮೊದಲನೆಯ ನಿಯಮದಿಂದ. ಈ ಲೆಕ್ಕದಲ್ಲಿ ಕೂಡಿ ಕಳೆಯುವುದು ಏನೂ ಇಲ್ಲ. ಆದರೂ ಹತ್ತು ಅಂಕಿ ಲೆಕ್ಕಗಳು ಕಲಿಸದ್ದನ್ನು ಇದು ಕಲಿಸುತ್ತದೆ.

ಅಂಕಿ ಲೆಕ್ಕ ಬಿಡಿಸಬಲ್ಲವರಿಗೆ ಬಲದ ಕಲ್ಪನೆ ತಾನಾಗಿ ಬಂದಿರುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಅದನ್ನು ಅಲುಗಾಡಿಸಿದ್ದು ಅಮೆರಿಕದ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಬಹುಆಯ್ಕೆಯ ಪ್ರಶ್ನೆಪತ್ರಿಕೆ, ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’. ಅದರಲ್ಲಿ ಸೂತ್ರವಿಲ್ಲ, ಲೆಕ್ಕಾಚಾರವಿಲ್ಲ. ದಿನನಿತ್ಯದ ಮಾತಿನಲ್ಲಿ ಕೇಳಿದ ಪ್ರಶ್ನೆಗಳು ಮಾತ್ರ ಇವೆ. ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಪಡೆದವರೂ ಅಲ್ಲಿ ಎಡವಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ತಮ್ಮ ವಿದ್ಯಾರ್ಥಿಗಳಿಗೆ ಅದನ್ನು ಕೊಟ್ಟು ನೋಡಿದ ಮೇಲೆ ತಾವು ಪಾಠ ಮಾಡುವ ಕ್ರಮವನ್ನೇ ಬದಲಿಸಿಕೊಂಡರು. ರಿಚರ್ಡ್ ಹೇಕ್ 1998ರಲ್ಲಿ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ, ಉಪನ್ಯಾಸ ಕೇಳಿ ಬರೆದುಕೊಂಡವರಿಗಿಂತ ತರಗತಿಯಲ್ಲಿ ವಾದಿಸಿ, ಚರ್ಚಿಸಿ ಕಲಿತವರ ತಿಳಿವಳಿಕೆ ಹೆಚ್ಚು ಬೆಳೆದಿದ್ದು ಕಂಡಿತು. ತೊಟ್ಟು ಕತ್ತರಿಸುವಂಥ ಪ್ರಶ್ನೆಗಳು ಮಾಡಿಸುವುದು ಇಂಥ ಚರ್ಚೆಯನ್ನೇ.

ಕನ್ನಡದಲ್ಲಿ ಕಲಿಯುವವರಿಗೆ ಇನ್ನೊಂದು ತೊಡಕಿದೆ, ಅದು ‘ಬಲ’ ಎಂಬ ಮಾತಿನದೇ. ಆಡುಮಾತಿನಲ್ಲಿ ಬಲವೆಂದರೆ ಶಕ್ತಿ, ಕಸುವು. ಒಬ್ಬನಲ್ಲಿ ಇರುವಂಥದ್ದು, ಖರ್ಚಾಗುವಂಥದ್ದು. ಹೀಗಾಗಿ ಎಸೆದ ಕಲ್ಲಿನೊಳಗೆ ಕೈ ಕೊಟ್ಟ ಬಲ ಉಳಿದಿರುತ್ತದೆ, ಅದು ತೀರಿದಾಗ ಕಲ್ಲು ಬೀಳುತ್ತದೆ ಎಂಬ ಎಣಿಕೆ ಸಹಜವಾಗಿಯೇ ಮೂಡುತ್ತದೆ. ಭೌತವಿಜ್ಞಾನದಲ್ಲಿ ಬಲ ವಸ್ತುವಿನೊಳಗೆ ಇರುವುದಿಲ್ಲ; ಎರಡು ವಸ್ತುಗಳ ನಡುವೆ ಇರುತ್ತದೆ. ಕೈ ಬಿಟ್ಟ ಕಲ್ಲಿನ ಜೊತೆ ಹೋಗುವುದು ಬಲವಲ್ಲ, ಸಂವೇಗ. ಅದಕ್ಕೆ ಹತ್ತಿರದ ಹಳ್ಳಿಮಾತು ‘ರಭಸ’. ‘ಕಲ್ಲಿಗೆ ರಭಸವಿದೆ, ಆದರೆ ಮುಂದಕ್ಕೆ ತಳ್ಳುವ ಬಲವಿಲ್ಲ’ ಎಂದು ಒಂದು ವಾಕ್ಯ ಹೇಳಿದರೆ ಅರ್ಧ ತಪ್ಪುಗಳು ಕಳಚಿಹೋಗುತ್ತವೆ. ಮಾತನ್ನು ಹೀಗೆ ಹದಗೊಳಿಸುವ ಕೆಲಸ ತುಮಕೂರು ಜಿಲ್ಲೆಯವರಿಗೆ ಹೊಸದೇನಲ್ಲ. ಬೆಳ್ಳಾವಿಯ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂದು ಆಗಲೇ ತೋರಿಸಿದ್ದಾಯಿತು. ಅದನ್ನು ಕನ್ನಡದ ಲೆಕ್ಕಗಳಲ್ಲಿ ಮುಂದುವರಿಸುವುದು ನಮ್ಮ ಪಾಲಿನ ಕೆಲಸ.

ಜಡತ್ವವನ್ನು ಈ ಸೀಮೆಯ ಮಗು ಕೈಯಲ್ಲೇ ಹಿಡಿದು ನೋಡಬಹುದು. ಉಂಡೆ ಕೊಬ್ಬರಿ ಮಾಡಲು ಬಲಿತ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಒಳಗೇ ಗಿಟುಕಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಸದ್ದು ಬರುತ್ತದೆ. ಕೊಬ್ಬರಿ ಆಗಿದೆಯೇ ಎಂದು ತಿಳಿಯುವುದು ಹೀಗೆಯೇ. ಕೈ ಸರಿಸಿದ್ದು ಕರಟವನ್ನು. ಬಿಟ್ಟುಕೊಂಡ ಗಿಟುಕಿಗೆ ಕರಟ ತಗಲುವವರೆಗೆ ಅದರ ಮೇಲೆ ಅಡ್ಡಬಲವೇ ಇಲ್ಲದಂತೆ, ಆದ್ದರಿಂದ ಅದು ಇದ್ದಲ್ಲೇ ಇರುತ್ತದೆ, ಕರಟ ಬಂದು ಅದಕ್ಕೆ ಬಡಿಯುತ್ತದೆ. ಹಸಿ ಕಾಯಿಯಲ್ಲಿ ತಿರುಳು ಕರಟಕ್ಕೆ ಅಂಟಿರುವುದರಿಂದ ಆ ಅಂಟೇ ಬಲ ಕೊಟ್ಟು ಅದನ್ನೂ ಒಯ್ಯುತ್ತದೆ. ‘ಒಳಗಿನ ಕೊಬ್ಬರಿ ಕರಟಕ್ಕೆ ಬಡಿಯಿತೋ, ಕರಟ ಕೊಬ್ಬರಿಗೆ ಬಡಿಯಿತೋ?’ ಎಂಬುದು ಅಂಕಿಯಿಲ್ಲದ ಒಳ್ಳೆಯ ಅಭ್ಯಾಸ ಲೆಕ್ಕ.

ಘರ್ಷಣೆಯ ದಿಕ್ಕಿನಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ‘ಘರ್ಷಣೆ ಚಲನೆಯನ್ನು ವಿರೋಧಿಸುತ್ತದೆ’ ಎಂದು ಬಾಯಿಪಾಠ ಮಾಡಿದವರು, ತೆಂಗಿನ ಮರ ಹತ್ತುತ್ತಿರುವವನ ಚಿತ್ರದಲ್ಲಿ ಘರ್ಷಣೆಯ ಬಾಣವನ್ನು ಕೆಳಮುಖವಾಗಿ ಎಳೆಯುತ್ತಾರೆ. ಹಾಗಿದ್ದರೆ ಅವನ ತೂಕವೂ ಕೆಳಕ್ಕೆ, ಘರ್ಷಣೆಯೂ ಕೆಳಕ್ಕೆ. ಅವನನ್ನು ಮೇಲೆ ಹಿಡಿದಿರುವುದು ಯಾವುದು? ಪಾದ ಕಾಂಡದ ಮೇಲೆ ಕೆಳಕ್ಕೆ ಜಾರಲು ನೋಡುತ್ತದೆ, ಆ ಜಾರುವಿಕೆಯನ್ನು ತಡೆಯುವ ಘರ್ಷಣೆ ಮೇಲ್ಮುಖ. ಘರ್ಷಣೆ ವಿರೋಧಿಸುವುದು ಮೇಲ್ಮೈಗಳ ಪರಸ್ಪರ ಜಾರುವಿಕೆಯನ್ನು, ಮನುಷ್ಯನ ಪಯಣವನ್ನಲ್ಲ. 60 ಕೆ.ಜಿ. ರಾಶಿಯ ಮನುಷ್ಯನಿಗೆ ಮೇಲ್ಮುಖವಾಗಿ 588 ನ್ಯೂಟನ್ ಬೇಕು. ಘರ್ಷಣಾಂಕ 0.5 ಎಂದರೆ ಕಾಂಡವನ್ನು ಎಲ್ಲ ಕಡೆಯಿಂದ ಒಟ್ಟು 1,176 ನ್ಯೂಟನ್‌ಗೆ ಕಡಿಮೆಯಿಲ್ಲದಂತೆ ಅದುಮಬೇಕು, ಅಂದರೆ ತನ್ನ ತೂಕದ ಎರಡರಷ್ಟು. ಕಾಲಿಗೆ ಹಾಕಿಕೊಳ್ಳುವ ಹಗ್ಗದ ಕುಣಿಕೆ ನೆರವಾಗುವುದು ಈ ಅದುಮುವ ಬಲಕ್ಕೆ. ಎತ್ತಿನ ಗಾಡಿಯ ಹಳೆಯ ಒಗಟೂ ಇದರಿಂದಲೇ ಬಿಡುತ್ತದೆ. ಎತ್ತು ಗಾಡಿಯನ್ನು ಎಳೆದಷ್ಟೇ ಗಾಡಿ ಎತ್ತನ್ನು ಹಿಂದಕ್ಕೆ ಎಳೆಯುವುದಾದರೆ ಗಾಡಿ ಹೊರಡುವುದು ಹೇಗೆ? ಒಂದು ವಸ್ತುವಿನ ಮೇಲಿನ ಬಲಗಳನ್ನಷ್ಟೇ ಬಾಣಗಳಾಗಿ ತೋರಿಸುವ ಚಿತ್ರ ಬಲಚಿತ್ರ; ಗಾಡಿಯದು ಬೇರೆ, ಎತ್ತಿನದು ಬೇರೆ. ಗಾಡಿಯ ಮೇಲೆ ಮುಂದಕ್ಕೆ ನೊಗದ 500 ನ್ಯೂಟನ್, ಹಿಂದಕ್ಕೆ ನೆಲ ಮತ್ತು ಅಚ್ಚಿನ 300 ನ್ಯೂಟನ್ ಎಂದಾದರೆ, 400 ಕೆ.ಜಿ. ಗಾಡಿಗೆ ಸೆಕೆಂಡಿಗೆ 0.5 ಮೀ./ಸೆ. ವೇಗ ಕೂಡುತ್ತಾ ಹೋಗುತ್ತದೆ. ಎತ್ತನ್ನು ಮುಂದಕ್ಕೆ ತಳ್ಳುವುದು ಅದರ ಗೊರಸಿಗೆ ನೆಲ ಕೊಡುವ ಘರ್ಷಣೆ.

ಸುತ್ತಲಿನ ವಸ್ತುಗಳಲ್ಲೇ ಅಭ್ಯಾಸ ಮಾಡಬೇಕೆಂಬ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ: ಪಠ್ಯದ ಮರದ ತುಂಡು, ನುಣುಪು ಇಳಿಜಾರು, ತೂಕವಿಲ್ಲದ ಹಗ್ಗ ಶುದ್ಧವಾಗಿವೆ, ತೆಂಗಿನಕಾಯಿ, ಗಾಡಿ ಎಂದರೆ ಗಾಳಿ, ಮಣ್ಣು, ಆಕಾರ ಎಲ್ಲ ಸೇರಿ ಗೋಜಲು. ಆದರೆ ಏನನ್ನು ಬಿಡಬಹುದು ಎಂದು ತೀರ್ಮಾನಿಸುವುದೇ ಭೌತವಿಜ್ಞಾನದ ಅರ್ಧ ಕೆಲಸ, ಪಠ್ಯದ ಲೆಕ್ಕ ಅದನ್ನು ವಿದ್ಯಾರ್ಥಿಗೆ ಬಿಡದೆ ತಾನೇ ಮಾಡಿಬಿಟ್ಟಿರುತ್ತದೆ. 20 ಮೀ. ಎತ್ತರದಿಂದ ಬಿದ್ದ ಕಾಯಿ ಗಾಳಿಯ ತಡೆಯಿಲ್ಲದಿದ್ದರೆ 19.8 ಮೀ./ಸೆ. ವೇಗದಲ್ಲಿ ನೆಲ ಮುಟ್ಟುತ್ತದೆ. 20 ಸೆಂ.ಮೀ. ಅಡ್ಡಳತೆಯ ಗುಂಡು ಎಂದುಕೊಂಡು ಗಾಳಿಯ ತಡೆ ಎಣಿಸಿದರೆ ಅದು ನೆಲದ ಹತ್ತಿರ ಸುಮಾರು 3 ನ್ಯೂಟನ್, ಕಾಯಿಯ ತೂಕದ ಕಾಲು ಭಾಗಕ್ಕಿಂತ ಕಡಿಮೆ. ಅದನ್ನೂ ಸೇರಿಸಿದ ವೇಗ ಸುಮಾರು 18.7 ಮೀ./ಸೆ. ವ್ಯತ್ಯಾಸ ಸೆಕೆಂಡಿಗೆ ಒಂದು ಮೀಟರಿನಷ್ಟು. ಹೀಗೆ ಒಮ್ಮೆ ಅಳೆದು ನೋಡಿದವರಿಗೆ ‘ಗಾಳಿಯ ತಡೆಯನ್ನು ನಿರ್ಲಕ್ಷಿಸಿ’ ಎಂಬ ವಾಕ್ಯ ಆಜ್ಞೆಯಾಗಿ ಉಳಿಯದೆ ಲೆಕ್ಕ ಹಾಕಿ ಒಪ್ಪಿದ ಮಾತಾಗುತ್ತದೆ.

ಬಿದ್ದ ಕಾಯಿ ಎಷ್ಟು ಬಲದಿಂದ ಹೊಡೆಯುತ್ತದೆ ಎಂಬ ಪ್ರಶ್ನೆಯಂತೂ ಹಾಗೆ ಕೇಳಿದರೆ ಉತ್ತರವೇ ಇಲ್ಲದ್ದು, ಆದ್ದರಿಂದಲೇ ಬೆಲೆಯುಳ್ಳದ್ದು. ವೈದ್ಯ ಪೀಟರ್ ಬಾರ್ಸ್ 1984ರಲ್ಲಿ ಪಪುವಾ ನ್ಯೂ ಗಿನಿಯ ಒಂದು ಪ್ರಾಂತೀಯ ಆಸ್ಪತ್ರೆಯ ನಾಲ್ಕು ವರ್ಷಗಳ ದಾಖಲೆ ನೋಡಿ ಬರೆದ ಪ್ರಬಂಧದಲ್ಲಿ, ಗಾಯಗೊಂಡು ದಾಖಲಾದವರಲ್ಲಿ ಶೇ. 2.5ರಷ್ಟು ಮಂದಿಗೆ ತೆಂಗಿನಕಾಯಿ ಬಿದ್ದು ಪೆಟ್ಟಾಗಿತ್ತೆಂದೂ ಪೆಟ್ಟಿನ ಬಲ ಒಂದು ಟನ್ ಮೀರಬಹುದೆಂದೂ ಹೇಳಿದರು. ಟನ್ ಎಲ್ಲಿಂದ ಬಂತು? 2 ಕೆ.ಜಿ. ಕಾಯಿ 25 ಮೀ. ಬಿದ್ದರೆ ಅದರ ಚಲನಶಕ್ತಿ 490 ಜೌಲ್. ಅದು 5 ಸೆಂ.ಮೀ. ಅಂತರದಲ್ಲಿ ನಿಂತರೆ ಸರಾಸರಿ ಬಲ 9,800 ನ್ಯೂಟನ್, ಅಂದರೆ 1,000 ಕೆ.ಜಿ. ತೂಕಕ್ಕೆ ಸಮ. ಅದೇ ಕಾಯಿ ಉತ್ತು ಸಡಿಲವಾದ ಮಣ್ಣಿನಲ್ಲಿ ಮಟ್ಟೆ ಅದುಮಿಕೊಂಡು ಒಟ್ಟು 20 ಸೆಂ.ಮೀ. ಕುಸಿದು ನಿಂತರೆ 2,450 ನ್ಯೂಟನ್. ಗಟ್ಟಿಗೆ ತಾಗಿ 1 ಸೆಂ.ಮೀ.ನಲ್ಲೇ ನಿಂತರೆ 49,000. ಎತ್ತರ, ರಾಶಿ ಯಾವುದೂ ಬದಲಾಗಲಿಲ್ಲ, ಬಲ ಇಪ್ಪತ್ತು ಪಟ್ಟು ಬದಲಾಯಿತು. ದೇವಸ್ಥಾನದ ಮುಂದೆ ಈಡುಗಾಯಿ ಹಾಕುವವರು ಸುಲಿದ ಕಾಯಿಯನ್ನೇ ಒಗೆಯುತ್ತಾರೆ. ಮಟ್ಟೆ ಇದ್ದರೆ ಅದು ನಿಲ್ಲುವ ಅಂತರ ಹೆಚ್ಚಿಸಿ ಕರಟವನ್ನು ಉಳಿಸಿಬಿಡುತ್ತದೆ. ಬೀಳುವ ವಸ್ತುವಿನ ‘ಬಲ’ ಎಂಬುದು ವಸ್ತುವಿನೊಳಗೆ ಇಲ್ಲ, ಅದು ಏನನ್ನು ಹೇಗೆ ತಾಗಿತು ಎಂಬುದರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ವರ್ತುಲ ಚಲನೆಗೆ ಕವಣೆಯನ್ನು ತೆಗೆದುಕೊಳ್ಳೋಣ. 100 ಗ್ರಾಂ ಕಲ್ಲನ್ನು 0.8 ಮೀ. ತ್ರಿಜ್ಯದಲ್ಲಿ ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಕೇಂದ್ರದ ಕಡೆಗೆ ಬೇಕಾದ ಬಲ 12.6 ನ್ಯೂಟನ್, ಕಲ್ಲಿನ ತೂಕದ ಸುಮಾರು ಹದಿಮೂರರಷ್ಟು. ಇದು ತೂಕ, ಎಳೆತ, ಘರ್ಷಣೆಗಳ ಸಾಲಿಗೆ ಹೊಸದಾಗಿ ಸೇರುವ ಬಲವಲ್ಲ. ಹಗ್ಗದ ಎಳೆತವೇ ಇಲ್ಲಿ ಕೇಂದ್ರಾಭಿಮುಖ ಬಲದ ಪಾತ್ರ ವಹಿಸುತ್ತಿದೆ. ಬಲಚಿತ್ರದಲ್ಲಿ ‘ಎಳೆತ’ ಎಂದು ಬರೆದ ಮೇಲೆ ‘ಕೇಂದ್ರಾಭಿಮುಖ’ ಎಂದು ಮತ್ತೊಂದು ಬಾಣ ಹಾಕುವುದು ಒಂದೇ ಕಾಸನ್ನು ಎರಡು ಸಲ ಎಣಿಸಿದಂತೆ. ಹಗ್ಗದ ಒಂದು ತುದಿ ಬಿಟ್ಟಾಗ ಕಲ್ಲು ಆ ಕ್ಷಣದ ಸ್ಪರ್ಶರೇಖೆಯಲ್ಲಿ ಹೊರಡುತ್ತದೆ. ಮೈಕೆಲ್ ಮೆಕ್ಲೋಸ್ಕಿ ಮತ್ತು ಸಂಗಡಿಗರು 1980ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುರುಳಿ ಕೊಳವೆಯಿಂದ ಹೊರಬಂದ ಗುಂಡು ಬಾಗಿದ ದಾರಿಯಲ್ಲೇ ಹೋಗುತ್ತದೆಂದು ಕಾಲೇಜು ವಿದ್ಯಾರ್ಥಿಗಳಲ್ಲೂ ಅನೇಕರು ಚಿತ್ರ ಬರೆದರು. ಹೊಲದಲ್ಲಿ ಹಕ್ಕಿ ಕಾಯುವವನ ಕೈಗೆ ಸ್ಪರ್ಶರೇಖೆ ಗೊತ್ತು. ಇಲ್ಲವಾದರೆ ಕಲ್ಲು ಗುರಿಯ ಕಡೆ ಹೋಗದು. ಆದರೆ ಕೈಗೆ ಗೊತ್ತಿರುವುದು ಕಾಗದದ ಮೇಲೆ ತಾನಾಗಿ ಬರುವುದಿಲ್ಲ, ಲೆಕ್ಕ ಅದನ್ನು ತರಬೇಕು.

ಬಸ್ಸು ಎಡಕ್ಕೆ ತಿರುಗಿದಾಗ ಹೊರಗಡೆಗೆ ನೂಕಿದಂತಾಗುತ್ತದಲ್ಲ, ಕೇಂದ್ರಾಪಗಾಮಿ ಬಲ ಸುಳ್ಳೇ ಎಂದು ಕೇಳುವವರಿದ್ದಾರೆ. ಅನುಭವ ಸುಳ್ಳಲ್ಲ. ತಿರುಗುವ ಬಸ್ಸನ್ನೇ ನಿಂತ ನೆಲವೆಂದು ಭಾವಿಸಿ ಲೆಕ್ಕ ಹಾಕಿದರೆ ಅಂಥ ಬಲವನ್ನು ಸೇರಿಸಲೇಬೇಕು, ಎಂಜಿನಿಯರುಗಳು ಸೇರಿಸುತ್ತಾರೆ ಕೂಡ. ರಸ್ತೆ ಬದಿಯಲ್ಲಿ ನಿಂತವನಿಗೆ ಮಾತ್ರ ಪ್ರಯಾಣಿಕ ನೇರ ಹೋಗಲು ನೋಡುತ್ತಾನೆ, ಬಸ್ಸು ಅವನ ಕಡೆಗೆ ತಿರುಗಿ ಬರುತ್ತದೆ. ಒಂದೇ ಲೆಕ್ಕದಲ್ಲಿ ಎರಡೂ ನೋಟಗಳನ್ನು ಬೆರೆಸಿದಾಗಲೇ ಎಡವಟ್ಟು. ಇನ್ನು ಪರೀಕ್ಷೆಯ ಆಕ್ಷೇಪ: ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಚಿತ್ರ ಬರೆಯಲು ಹೊತ್ತೆಲ್ಲಿ? ಪ್ರಶ್ನೆಗೆ 80 ಸೆಕೆಂಡು ಸಿಗುತ್ತದೆ. ಪಳಗಿದ ಕೈಗೆ ನಾಲ್ಕು ಬಾಣ ಎಳೆಯಲು ಹತ್ತು ಸೆಕೆಂಡು ಸಾಕು. ತಪ್ಪು ಸೂತ್ರ ಹಿಡಿದು ಹೋಗಿ ತಿರುಗಿ ಬರುವುದಕ್ಕೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ.

ಪಠ್ಯದ ಪ್ರಸಿದ್ಧ ಲೆಕ್ಕವೊಂದನ್ನು ನೋಡಿ. ಇಳಿಜಾರಿಲ್ಲದ 50 ಮೀ. ತ್ರಿಜ್ಯದ ತಿರುವು, ಘರ್ಷಣಾಂಕ 0.5, ಜಾರದೆ ಹೋಗಬಹುದಾದ ಗರಿಷ್ಠ ವೇಗ 15.7 ಮೀ./ಸೆ., ಅಂದರೆ ಗಂಟೆಗೆ 56 ಕಿ.ಮೀ. ರಾಶಿ ಸೂತ್ರದಿಂದ ಬಿದ್ದುಹೋಗುವುದರಿಂದ ಸ್ಕೂಟರಿಗೂ ಲಾರಿಗೂ ಒಂದೇ ಉತ್ತರ ಎಂದು ಪುಸ್ತಕ ಮುಗಿಸುತ್ತದೆ. ತೆಂಗಿನ ಮಟ್ಟೆಯನ್ನು ಎತ್ತರಕ್ಕೆ ಹೇರಿಕೊಂಡ ಲಾರಿಯ ಬಲಚಿತ್ರ ಬರೆದು ನೋಡಿ. ಘರ್ಷಣೆ ನೆಲಮಟ್ಟದಲ್ಲಿ ಒಳಕ್ಕೆ ಎಳೆಯುತ್ತದೆ, ಗುರುತ್ವ ಕೇಂದ್ರ ಮೇಲೆಲ್ಲೋ ಇದೆ. ಒಳಗಿನ ಚಕ್ರಗಳು ಹಗುರಾಗುತ್ತವೆ. ಚಕ್ರಗಳ ನಡುವಿನ ಅಗಲ 2 ಮೀ., ಗುರುತ್ವ ಕೇಂದ್ರದ ಎತ್ತರ 2.5 ಮೀ. ಎಂದಿಟ್ಟುಕೊಂಡರೆ, ಅಡ್ಡಬಲ ತೂಕದ 0.4ರಷ್ಟಾದಾಗಲೇ ಒಳಚಕ್ರಗಳು ನೆಲ ಬಿಡುತ್ತವೆ. ಆಗಿನ ವೇಗ 14 ಮೀ./ಸೆ. ಆ ಲಾರಿ ಜಾರುವ ಮೊದಲೇ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಮಗುಚುತ್ತದೆ.